ಅರಿಶಿನ ಬಿದ್ದ ಮೇಣದ ಬಟ್ಟೆ

ನನ್ನ ಸೊಸೆ ಸುಮಾ ಮೊನ್ನೆ ಊಟದ ಮೇಜಿನ ಮೇಲೆ ಹಾಸಿದ್ದ ಮೇಣದ ಬಟ್ಟೆಯನ್ನು ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಉಜ್ಜಿ ಹಾಳು ಮಾಡಿದಳು. ಸಾರಿನ ಕಲೆ ಹೋಯಿತು, ಇಲ್ಲವೆನ್ನುವುದಿಲ್ಲ. ಅದರ ಜೊತೆಗೆ ಅದರ ಮೇಲಿದ್ದ ಹೂವೂ ಹೋಯಿತು, ಹೊಳಪೂ ಹೋಯಿತು. ಈಗ ಒಂದು ಹನಿ ಮಜ್ಜಿಗೆ ಬಿದ್ದರೂ ಒರೆಸುವಷ್ಟರಲ್ಲಿ ಹೀರಿಕೊಂಡು ಬಿಡುತ್ತದೆ. ಮೇಣ ಹೋದ ಮೇಲೆ ಅದು ಬರೀ ಬಟ್ಟೆ.

"ಅಂಗಡಿಯೋನು ಏನೂ ಆಗಲ್ಲ, ಹೆಂಗಾದ್ರೂ ತಿಕ್ರಿ ಅಂದಿದ್ದ, ಅತ್ತೆ" ಎಂದಳು.

"ಅವನು ಮಾರೋಕೆ ಕೂತಿರ್ತಾನೆ, ತೊಳೆಯೋಕಲ್ಲ" ಎಂದೆ.

ಸುಮಾ ಬೇಜಾರು ಮಾಡಿಕೊಳ್ಳುವವಳಲ್ಲ. ನನ್ನ ಮುಂದಿದ್ದ ಚೊಂಬನ್ನು ಎತ್ತಿ ನೋಡಿ, "ನೀರು ಹಂಗೇ ಐತಲ್ರಿ" ಎಂದು ಕೇಳಿದಳು. ಬಾಯಾರಿಕೆ ಇಲ್ಲ ಎಂದೆ. ಅವಳು ಚೊಂಬನ್ನು ಅಲ್ಲೇ ಇಟ್ಟು, ಹಾಳಾದ ಬಟ್ಟೆಯ ತುದಿ ಹಿಡಿದುಕೊಂಡು ನನ್ನ ಎದುರಿಗೇ ಕೂತಳು. "ಹಂಗಾದ್ರೆ ಹೆಂಗೆ ತೊಳೀಬೇಕು, ನೀವೇ ಹೇಳಿ."

ನಾನು ಓದಿದ್ದು ಮೂರನೇ ಕ್ಲಾಸು. ಬ್ಯಾಂಕಿನ ಚೀಟಿ ತುಂಬಲು ಇವತ್ತಿಗೂ ಪಕ್ಕದವರನ್ನು ಕೇಳುತ್ತೇನೆ. ಆದರೆ ಮೇಣದ ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೇಳಿದೆ. ಬಿಸಿನೀರು ಕೂಡದು, ಮೇಣ ಮೆತ್ತಗಾಗಿ ಕೊಳೆಯನ್ನೆಲ್ಲ ಒಳಗೆ ಕರೆದುಕೊಳ್ಳುತ್ತದೆ. ಸೋಡಾಪುಡಿ, ಬ್ಲೀಚಿಂಗ್, ಬ್ರಷ್ಷು ಯಾವುದೂ ಬೇಡ. ತಣ್ಣೀರಿಗೆ ಒಂದು ಚಿಟಿಕೆ ಸೀಗೆಪುಡಿ, ಹಳೇ ಪಂಚೆಯ ತುಂಡು, ಅಷ್ಟೇ. ಕಲೆ ಬಿದ್ದ ತಕ್ಷಣ ಒತ್ತಬೇಕು, ಉಜ್ಜಬಾರದು. ವಾಸನೆ ಇದ್ದರೆ ನಿಂಬೆಹಣ್ಣಿನ ಸಿಪ್ಪೆ ಆಡಿಸಿ ತಕ್ಷಣ ನೀರಿನಲ್ಲಿ ಒರೆಸಬೇಕು. ನೆರಳಿನಲ್ಲಿ ಒಣಗಿಸಬೇಕು. ಮಡಿಸಿದರೆ ಮಡಿಕೆಯಲ್ಲಿ ಮೇಣ ಬಿರಿಯುತ್ತದೆ, ಬಿದಿರಿನ ಕೋಲಿಗೆ ಸುತ್ತಿಡಬೇಕು. ಬಿರಿದರೂ ಚಿಂತೆಯಿಲ್ಲ, ಮೇಣದಬತ್ತಿಯ ತುಂಡು ತಿಕ್ಕಿ ಮೇಲೆ ಬೆಚ್ಚಗಿನ ಚೊಂಬು ಓಡಿಸಿದರೆ ಕೂಡಿಕೊಳ್ಳುತ್ತದೆ.

"ಹಿಂಗ್ ಮಾಡಿದ್ರೆ ಎಲ್ಲಾ ಕಲೆನೂ ಹೋಗ್ತಾವಾ?"

"ಅರಿಶಿನ ಬಿಟ್ಟು. ಅರಿಶಿನ ಹೋಗಬೇಕಂದ್ರೆ ಬಿಸಿಲಿಗೆ ಹಾಕಬೇಕು. ಬಿಸಿಲಿಗೆ ಹಾಕಿದ್ರೆ ಮೇಣ ಹೋಗ್ತೈತೆ. ಅದಕ್ಕೇ ಅರಿಶಿನ ಬಿದ್ದರೆ ಬಿದ್ದಂಗೇ."

"ಏನೋ ಒಂದು ಉಪಾಯ ಇರ್ತೈತೆ ಬಿಡ್ರಿ" ಎಂದಳು. ಈಗಿನವರಿಗೆ ಇದೊಂದು ಚಟ. ಎಲ್ಲದಕ್ಕೂ ಫೋನಿನಲ್ಲಿ ಒಂದು ಉಪಾಯ ಇರುತ್ತದೆ. ನನಗೆ ಸಿಟ್ಟು ಬಂತು. "ನನ್ನ ಟ್ರಂಕ್ ತೆಗಿ. ತಳದಲ್ಲಿ ಒಂದು ಬಿದಿರಿನ ಕೋಲು ಐತೆ ನೋಡು" ಎಂದೆ.

ಅವಳು ತಂದು ಬಿಚ್ಚಿದಳು. ಬೆಲ್ಲದ ಬಣ್ಣಕ್ಕೆ ತಿರುಗಿದ ಹಳೇ ಬಟ್ಟೆ. ನಡುವೆ ಎರಡು ರೊಟ್ಟಿಯಗಲ ಹಳದಿ ಕಲೆ. ಮೊದಲಿನಷ್ಟು ಗಾಢವಿಲ್ಲ, ಆದರೆ ಹೋಗಿಲ್ಲ.

"ಇದನ್ಯಾಕ್ರಿ ಇಟ್ಕೊಂಡೀರಿ ಇನ್ನೂ?" ಎಂದಳು.

ನಾನು ಹುಟ್ಟಿದ್ದು ಚಳ್ಳಕೆರೆಯಲ್ಲಿ. ನಮ್ಮದು ನೇಕಾರರ ಕುಲವಾದರೂ ನಮ್ಮಪ್ಪನ ಕಾಲಕ್ಕೇ ಮಗ್ಗ ಬಿಟ್ಟಾಗಿತ್ತು. ಅಪ್ಪ ಕಡಲೆಕಾಯಿ ಎಣ್ಣೆ ಗಿರಣಿಯಲ್ಲಿ ಕೂಲಿ. ಮನೆಗೆ ಬಂದರೆ ಅಪ್ಪನಿಗಿಂತ ಮೊದಲು ವಾಸನೆ ಬರುತ್ತಿತ್ತು. ಹಿಂಡಿಯ ಧೂಳು ನಮ್ಮ ತಲೆದಿಂಬಿನಲ್ಲೂ ಇರುತ್ತಿತ್ತು. ನಮ್ಮ ಅವ್ವ ಅಪ್ಪನ ಅಂಗಿಯನ್ನು ವಾರಕ್ಕೊಮ್ಮೆ ಕುದಿಸುತ್ತಿದ್ದಳು, ಆದರೂ ಕೈಗೆ ಜಿಡ್ಡು ಅಂಟುತ್ತಿತ್ತು. ಎಣ್ಣೆ ನಮಗೆ ಕೊಳೆ ಅನ್ನಿಸಿದ್ದೇ ಇಲ್ಲ. ತಲೆಗೆ, ಅಡುಗೆಗೆ, ಬಾಗಿಲ ಕೀಲಿಗೆ ಎಲ್ಲಕ್ಕೂ ಅದೇ.

ಅಂಥ ಮನೆಯಿಂದ ನನ್ನನ್ನು ಮೊಳಕಾಲ್ಮುರಿಗೆ ಕೊಟ್ಟರು. ಅಲ್ಲಿ ಮನೆಯೆಂದರೆ ಮಗ್ಗದ ಸುತ್ತ ಉಳಿದ ಜಾಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಬಿಟ್ಟುಕೊಂಡು ಕೂತು ನೇಯುವ ಮಗ್ಗ. ನಮ್ಮ ಅತ್ತೆ ಲಕ್ಷ್ಮಕ್ಕ ಅದರಲ್ಲಿ ಕೂತರೆ ಸೊಂಟದವರೆಗೆ ಮಾತ್ರ ಕಾಣುತ್ತಿದ್ದರು. ನಾನು ಮದುವೆಯಾಗಿ ಬಂದ ಮೊದಲ ವಾರ ಅವರ ಪೂರ್ತಿ ಎತ್ತರ ನನಗೆ ಗೊತ್ತೇ ಇರಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಅವರ ಮನೆಮಾತು ತೆಲುಗು. ನನ್ನ ಹತ್ತಿರ ಕನ್ನಡ ಆಡುತ್ತಿದ್ದರು, ಆದರೆ ಕೆಲವು ಮಾತುಗಳನ್ನು ಮಾತ್ರ ತೆಲುಗಿನಲ್ಲೇ ಇಟ್ಟುಕೊಂಡಿದ್ದರು. ಕಲೆಗೆ ಯಾವತ್ತೂ ಕಲೆ ಅನ್ನಲಿಲ್ಲ. "ಮರಕ" ಅನ್ನುತ್ತಿದ್ದರು.

ಮೊದಲ ದಿನ ನನ್ನ ಅಂಗೈ ಮುಟ್ಟಿ ನೋಡಿ, ಮೂಸಿಯೂ ನೋಡಿದರು. "ಎಣ್ಣೆ ಕೈ" ಎಂದರು. "ಲಾಳಿ ಜಾರ್ತೈತೆ. ರೇಷ್ಮೆಗೆ ಮರಕ ಬೀಳ್ತೈತೆ. ಈಗ್ಲೇ ಮಗ್ಗದ ಹತ್ರ ಬರಬ್ಯಾಡ." ಅವತ್ತಿನಿಂದ ನನ್ನ ಹೆಸರೇ ಎಣ್ಣೆ ಕೈಯೋಳು. ಅವ್ವ ಇಟ್ಟ ಹೆಸರು ರತ್ನಮ್ಮ, ಅದನ್ನು ಕರೆಯುವವರು ಯಾರೂ ಇರಲಿಲ್ಲ.

ಮಗ್ಗದ ಹತ್ತಿರ ಬರಬೇಡ ಎಂದವರು ಕೊಟ್ಟ ಕೆಲಸ ಈ ಮೇಣದ ಬಟ್ಟೆ ತೊಳೆಯುವುದು. ನೇಯ್ದಷ್ಟು ಸೀರೆಯನ್ನು ಸುತ್ತಿಕೊಳ್ಳುವ ದಿಂಡು ನೇಯುವವರ ಹೊಟ್ಟೆಗೆ ತಾಗಿಕೊಂಡೇ ಇರುತ್ತದೆ. ಬೇಸಿಗೆಯಲ್ಲಿ ಬೆವರು ಇಳಿದು ರೇಷ್ಮೆಗೆ ತಾಗಿದರೆ ಅಲ್ಲೊಂದು ಮಾಸಲು ಮರಕ. ಅದಕ್ಕೆ ಅತ್ತೆ ದಿಂಡಿಗೂ ತಮ್ಮ ಹೊಟ್ಟೆಗೂ ನಡುವೆ ಈ ಬಟ್ಟೆ ಹಾಕಿಕೊಳ್ಳುತ್ತಿದ್ದರು. ಅಂಗಡಿಯದಲ್ಲ, ಮನೆಯಲ್ಲೇ ಮಾಡಿದ್ದು. ಗುಡ್ಡದ ಕಡೆಯಿಂದ ಜೇನು ಮಾರಲು ಬರುವವರ ಹತ್ತಿರ ಮೇಣ ಕೊಂಡು, ದಪ್ಪ ನೂಲಿನ ಬಟ್ಟೆಗೆ ತಿಕ್ಕಿ, ಕೆಂಡ ತುಂಬಿದ ಹಿತ್ತಾಳೆ ಚೊಂಬಿನಿಂದ ಒತ್ತಿ ಒತ್ತಿ ಕುಡಿಸುತ್ತಿದ್ದರು. ದಿನಾ ಸಂಜೆ ಅದನ್ನು ನಾನು ತೊಳೆದು, ನೆರಳಿಗೆ ಹಾಕಿ, ಕೋಲಿಗೆ ಸುತ್ತಬೇಕು. ಬೆಳಿಗ್ಗೆ ಅತ್ತೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಏನೂ ಸಿಗದಿದ್ದರೆ ಮಾತಿಲ್ಲದೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಅದೇ ನನಗೆ ಶಹಬ್ಬಾಸ್.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ "ಬಾ, ಕೂತ್ಕೋ" ಎಂದು ಗುಂಡಿಯಿಂದ ಎದ್ದರು.

ಮಗ್ಗದಲ್ಲಿ ಕೂರುವ ಹೆಂಗಸರಿಗೆ ನಮ್ಮ ಮನೆಯಲ್ಲಿ ಎರಡು ಕಟ್ಟಳೆ ಇದ್ದವು. ಒಂದು, ಮಗ್ಗದ ಹತ್ತಿರ ನೀರಿನ ಚೊಂಬು ಬರಕೂಡದು. ಒಂದು ಹನಿ ಸಿಡಿದರೂ ಜರಿಯ ಬದಿಯಲ್ಲಿ ಗುರುತು ಉಳಿಯುತ್ತದೆ. ಆದ್ದರಿಂದ ನೀರು ಬೇಕಾದರೆ ಏಳಬೇಕು. ಎದ್ದರೆ ನೇಯ್ಗೆ ನಿಲ್ಲುತ್ತದೆ. ನೀರು ಕುಡಿದರೆ ಇನ್ನೊಂದಕ್ಕೂ ಏಳಬೇಕು. ಅತ್ತೆ ಬೆಳಿಗ್ಗೆ ಕೂತವರು ಮಧ್ಯಾಹ್ನದ ಊಟದವರೆಗೆ ಬಾಯಿಗೆ ಹನಿ ಹಾಕುತ್ತಿರಲಿಲ್ಲ. ಎಷ್ಟೋ ವರ್ಷ ಹಾಗೆ. ನಾನೂ ಹಾಗೇ ಕಲಿತೆ.

ಇನ್ನೊಂದು ಕಟ್ಟಳೆ ಮರಕ ಬಿದ್ದ ಸೀರೆಯದು. ನೇಯ್ದ ಸೀರೆ ಕೊಳ್ಳುವ ಸಾವ್ಕಾರರು ಅದನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಅದು ಮನೆಯಲ್ಲೇ ಉಳಿಯುತ್ತಿತ್ತು. ಅತ್ತೆಯ ಪೆಟ್ಟಿಗೆಯಲ್ಲಿ ಒಂದು ನೇರಳೆ ಸೀರೆ ಇತ್ತು, ಸೆರಗಿನ ಹತ್ತಿರ ಅಂಗೈಯಗಲ ಮರಕ. "ನಾನು ನೇಯ್ದ ಸೀರೆಗಳಲ್ಲಿ ನಾನು ಉಟ್ಟಿದ್ದು ಇದೊಂದೇ" ಎನ್ನುತ್ತಿದ್ದರು. ಅದನ್ನುಟ್ಟುಕೊಂಡೇ ಮಕ್ಕಳಿಗೆ ಮೊಲೆ ಕೊಟ್ಟಿದ್ದರು, ಮದುವೆ ಮನೆಗಳಲ್ಲಿ ಅಡುಗೆ ಬಡಿಸಿದ್ದರು. ಸಾರು ಚೆಲ್ಲಿದರೂ ಹೆದರಿಕೆಯಿಲ್ಲ. "ಮರಕ ಬಿತ್ತೋ, ನಮ್ಮನೇದಾಯ್ತು" ಎಂದು ಅವರು ಹೇಳುವಾಗ ಮುಖದಲ್ಲಿ ಒಂದು ಸಮಾಧಾನ ಇರುತ್ತಿತ್ತು. ಕಲೆಯಿಲ್ಲದ್ದೆಲ್ಲ ಊರವರ ಮದುವೆಗೆ ಹೋಗುತ್ತಿತ್ತಲ್ಲ.

ಅತ್ತೆಗೆ ವಯಸ್ಸಾಯಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ಕೂರಿಸಿದರೆ ಕೂರುತ್ತಿದ್ದರು, ಕಾಲೂರಲು ಆಗುತ್ತಿರಲಿಲ್ಲ, ಒಂದಕ್ಕೂ ಮಂಚದಲ್ಲೇ. ಮಂಚಕ್ಕೆ ಏನು ಹಾಸುವುದು? ಪ್ಲಾಸ್ಟಿಕ್ ಹಾಸಿದರೆ ಬೆನ್ನು ಬೆವರಿ ಬೊಕ್ಕೆ ಏಳುತ್ತಿದ್ದವು. "ಮಗ್ಗದ್ದು ತಾ" ಎಂದು ಅವರೇ ಹೇಳಿದರು. ದಿಂಡಿನ ಮೇಲೆ ಇರುತ್ತಿದ್ದ ಮೇಣದ ಬಟ್ಟೆ ಮಂಚದ ಮೇಲೆ ಬಂತು. ಕೆಲಸ ಮಾತ್ರ ಬದಲಾಗಲಿಲ್ಲ, ನನ್ನದೇ.

ಮೊದಲು ದಿನಕ್ಕೆ ಒಂದು ಸಲ ತೊಳೆಯುತ್ತಿದ್ದೆ. ಆಮೇಲೆ ಎರಡು, ಆಮೇಲೆ ಮೂರು. ನಾನೇನೂ ದೇವತೆಯಲ್ಲ. ಮಗ್ಗ ನಡೆಯಬೇಕಿತ್ತು, ಅಡುಗೆ ಆಗಬೇಕಿತ್ತು. ಒಂದು ಚಳಿಗಾಲದ ಬೆಳಿಗ್ಗೆ ಹಿತ್ತಲಲ್ಲಿ ಕೂತು ತೊಳೆಯುತ್ತಿದ್ದೆ. ಕೈ ಮರಗಟ್ಟಿತ್ತು. ಪಕ್ಕದ ಮನೆ ಗಂಗಮ್ಮ ಗೋಡೆಯ ಮೇಲಿಂದ ತಲೆಹಾಕಿ, "ಇನ್ನೂ ತೊಳೀತಾನೇ ಇದೀಯಲ್ಲೇ" ಎಂದಳು.

"ಏನ್ ಮಾಡ್ಲಿ? ಮರಕ ಹೋಗವಲ್ದು. ಕುಡಿಯೋ ನೀರು ಒಂಚೂರು ಕಮ್ಮಿ ಮಾಡಿದ್ರೆ ಬಟ್ಟೆನಾದ್ರೂ ಉಳೀತೈತೆ" ಎಂದೆ.

ನನ್ನ ದನಿ ಸಣ್ಣದಲ್ಲ. ಹಿತ್ತಲ ಕಿಟಕಿಯ ಕೆಳಗೇ ಅತ್ತೆಯ ಮಂಚ.

ಮಾರನೇ ದಿನ ಬಟ್ಟೆ ಒಣಗಿತ್ತು. ಅದರ ಮಾರನೇ ದಿನವೂ. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ನನಗೇನೂ ಆಗಬೇಕಾಗಿಲ್ಲ, ಖುಷಿಯೇ ಆಯಿತು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಚೊಕ್ಕಟ ಐತೆ ಎಂದು ಅತ್ತೆಗೆ ತೋರಿಸಿದೆ ಕೂಡ. ಅವರೂ ನೋಡಿ ತಲೆಯಾಡಿಸಿದರು. ಕೊಟ್ಟ ಚೊಂಬು ಕೊಟ್ಟಂತೆ ಇರುವುದನ್ನು ನೋಡಿದೆ, ಚಳಿಗೆ ಬಾಯಾರಿಕೆ ಇರಲಿಕ್ಕಿಲ್ಲ ಎಂದುಕೊಂಡೆ. ಊಟಕ್ಕೂ ಸಾರು ಬೇಡ, ಗಟ್ಟಿ ಮುದ್ದೆ ಸಾಕು ಎಂದರು. ಅದೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಐದನೇ ದಿನ ತುಟಿ ಒಡೆದು ಸಿಪ್ಪೆ ಎದ್ದಿತ್ತು. ಮಾತಿಗೆ ತಾಳವಿರಲಿಲ್ಲ. ಕೈಗಳು ಎಡಕ್ಕೆ ಬಲಕ್ಕೆ ಆಡುತ್ತಿದ್ದವು. ನಮ್ಮ ಮನೆಯವರು ಹತ್ತಿರ ಹೋಗಿ, "ಅವ್ವ, ಏನ್ ಮಾಡ್ತಿದೀಯಾ?" ಎಂದರೆ, "ಸೆರಗು ಬಂತು, ಮಾತಾಡಿಸಬ್ಯಾಡ" ಎಂದರು. ಲಾಳಿ ಎಸೆಯುತ್ತಿದ್ದರು, ಇಲ್ಲದ ಮಗ್ಗದಲ್ಲಿ.

ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಡಾಕ್ಟರಮ್ಮ ಅತ್ತೆಯ ಕೈಯ ಚರ್ಮ ಚಿವುಟಿ ಎತ್ತಿದರು. ಎತ್ತಿದ್ದು ಎತ್ತಿದ ಹಾಗೇ ನಿಂತಿತು. "ಎಷ್ಟು ದಿನದಿಂದ ನೀರು ಕುಡಿದಿಲ್ಲ ಇವರು?" ಎಂದು ನನ್ನ ಕಡೆ ತಿರುಗಿ ಕೇಳಿದರು. "ಇನ್ನೊಂದೆರಡು ದಿನ ಹೀಗೇ ಆಗಿದ್ರೆ ಮೂತ್ರಪಿಂಡ ಕೈಕೊಡ್ತಿತ್ತು. ಮನೆಯಲ್ಲಿ ಯಾರೂ ನೋಡಲ್ವಾ?"

ನೋಡುವವಳು ನಾನೇ. ನೋಡಿದ್ದು ಬಟ್ಟೆಯನ್ನು.

ಗ್ಲೂಕೋಸ್ ಏರಿಸಿ ಮೂರು ದಿನಕ್ಕೆ ಮನೆಗೆ ಕಳಿಸಿದರು. ಬುದ್ಧಿ ತಿಳಿಯಾಗಿತ್ತು. ನಾನು ಚೊಂಬು ಹಿಡಿದೆ. "ವದ್ದು" ಎಂದರು. ತೆಲುಗಿನಲ್ಲಿ ಬೇಡ ಅನ್ನುವ ಮಾತು ಅದು. ನಮ್ಮ ಮನೆಯವರು ಕೈಮುಗಿದು ಕೇಳಿದರು. "ವದ್ದು. ಮರಕ ಬೀಳ್ತೈತೆ" ಎಂದರು. ಬೀಳಲಿ ಬಿಡಿ ಅತ್ತೆ, ನಾನು ಏನೋ ಬಾಯಿಗೆ ಬಂದಂಗೆ ಅಂದೆ, ತಪ್ಪಾಯ್ತು ಎಂದೆ. ಅವರು ನನ್ನ ಮೇಲೆ ಸಿಟ್ಟಾಗಿದ್ದರೆ ಸುಲಭವಿತ್ತು. ಸಿಟ್ಟಿರಲಿಲ್ಲ. ನನಗೆ ಸಮಾಧಾನ ಹೇಳುವವರ ಹಾಗೆ, "ನೀನೇನೂ ತಪ್ಪು ಹೇಳಿಲ್ಲ ಕಣೆ. ಬಟ್ಟೆ ಚೊಕ್ಕಟ ಇರಬೇಕು" ಎಂದರು. ಎರಡು ಚಮಚೆ ಬಾಯಿಗೆ ಹಾಕಿದರೆ ಮೂರನೆಯದಕ್ಕೆ ಹಲ್ಲು ಕಚ್ಚುತ್ತಿದ್ದರು. ಆ ಬಾಯಿ ಮಗ್ಗದ ಬಾಯಿ. ಅಷ್ಟು ವರ್ಷ ಮುಚ್ಚಿ ಅಭ್ಯಾಸವಾಗಿದ್ದನ್ನು ಒಂದು ತಪ್ಪಾಯ್ತು ಎನ್ನುವ ಮಾತಿನಿಂದ ತೆಗೆಸಲು ನನ್ನಿಂದಾಗಲಿಲ್ಲ.

ಮತ್ತೆ ತುಟಿ ಒಣಗತೊಡಗಿತು. "ಆ ಬಟ್ಟೆನೇ ಬಿಸಾಕು" ಎಂದರು ನಮ್ಮ ಮನೆಯವರು. ಬಿಸಾಕಿದರೆ ಇನ್ನೊಂದು ಹಾಸಬೇಕಲ್ಲ. ಅದನ್ನೂ ಕಾಯುತ್ತಾರೆ. ನನಗೆ ಆಗ ಪೆಟ್ಟಿಗೆಯಲ್ಲಿದ್ದ ನೇರಳೆ ಸೀರೆ ನೆನಪಾಯಿತು.

ಮರುದಿನ ಶುಕ್ರವಾರ. ಹೊಸ್ತಿಲಿಗೆ ಬಳಿಯಲು ಬಟ್ಟಲಲ್ಲಿ ಅರಿಶಿನ ಕಲಸಿಟ್ಟಿದ್ದೆ. ಅದಕ್ಕೆ ಇನ್ನೆರಡು ಹಿಡಿ ಹಾಕಿ ಗಟ್ಟಿಯಾಗಿ ಕಲಸಿದೆ. ಅತ್ತೆಯನ್ನು ಎತ್ತಿ ಗೋಡೆಗೆ ಒರಗಿಸಿ ಚಾಪೆಯ ಮೇಲೆ ಕೂರಿಸಿದೆ. ತೊಳೆದು ಒಣಗಿಸಿದ ಬಟ್ಟೆಯನ್ನು ಅವರ ಕಣ್ಣೆದುರಿಗೇ ಮಂಚಕ್ಕೆ ಹಾಸಿ, ಮೂಲೆ ಮೂಲೆ ನೀವಿದೆ. ಆಮೇಲೆ ಬಟ್ಟಲು ಹಿಡಿದು ಮಂಚದ ಪಕ್ಕ ದಾಟಿಕೊಂಡು ಹೋಗುವಾಗ ಕೈ ಸಡಿಲ ಬಿಟ್ಟೆ.

ಬಟ್ಟಲು ಸರಿಯಾಗಿ ನಡುಮಧ್ಯಕ್ಕೆ ಮಗುಚಿಕೊಂಡಿತು.

"ಕಣ್ಣು ಕಾಣಲ್ವೇನೇ ನಿನಗೆ!" ಎಂದು ನಮ್ಮ ಮನೆಯವರು ಕೂಗಿದರು. ಅವರಿಗೆ ನಾನು ಹೇಳಿರಲಿಲ್ಲ. ನಾನು "ಅಯ್ಯಯ್ಯೋ" ಎಂದೆ. ನಾಟಕ ನನಗೆ ಬರುವುದಿಲ್ಲ, ನನ್ನ ಅಯ್ಯಯ್ಯೋ ನನಗೇ ಸುಳ್ಳು ಕೇಳಿಸಿತು. ಒರೆಸುವ ನೆಪದಲ್ಲಿ ಅರಿಶಿನವನ್ನು ಇನ್ನೂ ಅಗಲ ಮಾಡಿದೆ.

ಅತ್ತೆ ನೋಡುತ್ತಿದ್ದರು. "ಇಲ್ಲಿ ತಾ" ಎಂದರು. ಬಟ್ಟೆಯನ್ನು ಅವರ ತೊಡೆಯ ಮೇಲೆ ಹಾಕಿದೆ. ಮೊದಲ ವರ್ಷ ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದರಲ್ಲ, ಹಾಗೆಯೇ ಕಿಟಕಿಯ ಕಡೆ ತಿರುಗಿಸಿದರು. ಹೆಬ್ಬೆರಳಿನಿಂದ ಒತ್ತಿ, ಮೇಣ ಬಿರಿದ ಗೆರೆಗಳಲ್ಲಿ ಹಳದಿ ಇಳಿದಿದೆಯೋ ಎಂದು ಪರೀಕ್ಷೆ ಮಾಡಿದರು.

"ಹೋಗಲ್ಲ" ಎಂದರು.

"ಹೋಗಲ್ಲ ಅತ್ತೆ."

"ಬಿಸಿಲಿಗೆ ಹಾಕಿದ್ರೆ?"

"ಮೇಣ ಹೋಗ್ತೈತೆ. ನೀವೇ ಹೇಳಿಕೊಟ್ಟಿದ್ದು."

ಸ್ವಲ್ಪ ಹೊತ್ತು ಬಟ್ಟೆಯನ್ನು ನೀವುತ್ತಾ ಕೂತರು. "ಹಂಗಾದ್ರೆ ನಮ್ಮನೇದಾಯ್ತು" ಎಂದರು. ನಮ್ಮ ಮನೆಯವರು ಗೊಣಗುತ್ತಾ ಹೊರಗೆ ಹೋದ ಮೇಲೆ ನನ್ನ ಮುಖ ನೋಡಿದರು. ಅದೆಷ್ಟೋ ವರ್ಷದಿಂದ ನನ್ನ ಕೆಲಸದಲ್ಲಿ ತಪ್ಪು ಹುಡುಕಿ ಗೊತ್ತಿದ್ದ ಕಣ್ಣು ಅದು.

"ಎಣ್ಣೆ ಕೈಯೋಳೇ, ನಿನ್ ಕೈ ಯಾವತ್ತು ಜಾರಿತ್ತೇ?"

ನಾನು ಚೆಲ್ಲಿದ ಅರಿಶಿನ ಬಾಚುತ್ತಿದ್ದೆ.

"ನೀಳ್ಳು ತೇ" ಎಂದರು.

ನೀರು ತಂದುಕೊಟ್ಟೆ. ಅರ್ಧ ಚೊಂಬು ಒಂದೇ ಉಸಿರಿಗೆ ಕುಡಿದರು. ಗಂಟಲು ಗೊಟಕ್ ಗೊಟಕ್ ಅನ್ನುವುದು ಕೇಳುತ್ತಿತ್ತು. ಆಮೇಲೆ ಎರಡು ವರ್ಷ ಬದುಕಿದ್ದರು. ದಿನಕ್ಕೆ ಮೂರು ಸಲ ತೊಳೆದೆ, ಕೆಲವು ದಿನ ನಾಲ್ಕು ಸಲ. ಹಳದಿ ಕಲೆಯ ಮೇಲೆ ಬೇರೆ ಯಾವ ಕಲೆಯೂ ಲೆಕ್ಕಕ್ಕೆ ಬರಲಿಲ್ಲ. ಬೈದುಕೊಂಡೂ ತೊಳೆದಿದ್ದೇನೆ, ಆದರೆ ಹಿತ್ತಲಲ್ಲಿ ಅಲ್ಲ, ಬಾವಿಯ ಹತ್ತಿರ ಹೋಗಿ. ಅವರು ಹೋದ ಮೇಲೆ ಹಾಸಿಗೆ, ದಿಂಬು, ಚಾಪೆ ಎಲ್ಲವನ್ನೂ ಊರಾಚೆ ಹಾಕಿದರು. ಬಟ್ಟೆಯನ್ನೂ ಕೇಳಿದರು. ಅದು ಮಗ್ಗದ ಸಾಮಾನು ಎಂದು ನಾನು ಕೊಡಲಿಲ್ಲ. ಮೈಲಿಗೆ ಎಂದು ಗಂಗಮ್ಮ ಬೀದಿಗೆಲ್ಲ ಹೇಳಿದಳು. ಹೇಳಿಕೊಳ್ಳಲಿ.

ಇಷ್ಟನ್ನೂ ಸುಮಾಳಿಗೆ ಹೇಳಿದೆ. ಅವಳು ಬಟ್ಟೆಯನ್ನು ಹಿಡಿದುಕೊಂಡೇ ಕೇಳಿದಳು. ಕಣ್ಣೀರು ಹಾಕುತ್ತಾಳೇನೋ, ಗದರಿಸೋಣ ಎಂದುಕೊಂಡಿದ್ದೆ. ಹಾಕಲಿಲ್ಲ. ಬೇರೆಯದನ್ನೇ ಕೇಳಿದಳು.

"ಅದಕ್ಕೇನ್ರಿ ನೀವು ದೀಪಾವಳಿ ಆದಾಗಿಂದ ಮಧ್ಯಾಹ್ನದ ಮೇಲೆ ನೀರೇ ಮುಟ್ಟಲ್ಲ?"

ದೀಪಾವಳಿಯ ಮರುದಿನ ಬೆಳಿಗ್ಗೆ ನನ್ನ ಹಾಸಿಗೆ ಒದ್ದೆಯಾಗಿತ್ತು. ಎಪ್ಪತ್ತು ದಾಟಿದವಳು, ನಾಲ್ಕು ಹೆತ್ತವಳು, ಆಗುತ್ತದೆ. ಮಗ ಅಂಗಡಿಗೆ ಹೋದ ಮೇಲೆ, ಸುಮಾ ಬಚ್ಚಲಿಗೆ ಹೋದ ಹೊತ್ತು ನೋಡಿ ಹೊದಿಕೆಯನ್ನು ನಾನೇ ಹಿಂಡಿ ಹಾಕಿದ್ದೆ. ಆಮೇಲೆ ಇನ್ನೊಂದು ಸಲ. ಅವತ್ತಿನಿಂದ ಊಟದ ನಂತರ ಚೊಂಬು ಮುಟ್ಟುವುದು ಬಿಟ್ಟೆ. ಯಾರೂ ನನಗೆ ಏನೂ ಅಂದಿರಲಿಲ್ಲ. ಗೋಡೆಯಾಚೆ ಗಂಗಮ್ಮನೂ ಇಲ್ಲ. ಆದರೂ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತ್ತು. ಅತ್ತೆಯ ಕಥೆಯನ್ನು ಉದ್ದಕ್ಕೂ ಹೇಳಿ ಮುಗಿಸಿದ ಮೇಲೂ ಎದುರಿಗಿದ್ದ ತುಂಬಿದ ಚೊಂಬು ನನಗೆ ಕಂಡಿರಲಿಲ್ಲ. ಅವಳಿಗೆ ಕಂಡಿತ್ತು.

"ನಿನಗೆ ಯಾರು ಹೇಳಿದ್ರು?" ಎಂದೆ.

"ಯಾರ್ ಹೇಳಬೇಕು? ದುಪಟಿ ಹಿಂಡಿದ್ದು ಸರಿಯಾಗಿರಲಿಲ್ಲ. ಹಗ್ಗದ ಮೇಲೆ ನೀರು ಸೋರ್ತಿತ್ತು" ಎಂದಳು.

ಸ್ಟೀಲ್ ನಾರಿನಿಂದ ಮೇಣದ ಬಟ್ಟೆ ಉಜ್ಜುವವಳು ನಾನು ಹಿಂಡಿದ್ದರಲ್ಲಿ ತಪ್ಪು ಹುಡುಕಿದಳು ನೋಡಿ.

ಸುಮಾ ಎದ್ದು ನನ್ನ ಮಂಚದ ಹತ್ತಿರ ಹೋದಳು. ಹೊದಿಕೆ ತೆಗೆದು ಮೇಣದ ಬಟ್ಟೆ ಹಾಸಿದಳು. ನನ್ನನ್ನು ಕೇಳಲಿಲ್ಲ. ಅರಿಶಿನದ ಮಗ್ಗುಲು ಮೇಲೆ ಬರುವಂತೆ ತಿರುಗಿಸಿ, ಮೂಲೆ ನೀವಿದಳು. ಕೋಲಿಗೆ ಸುತ್ತಿಟ್ಟು ಇಷ್ಟು ವರ್ಷವಾದರೂ ಬಟ್ಟೆ ಹೊಸದಾಗಿ ಎಲ್ಲೂ ಬಿರಿದಿರಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಚೊಂಬು ತಂದು ನನ್ನ ಮುಂದೆ ಹಿಡಿದಳು.

ಕುಡಿದೆ. ಪೂರ್ತಿ ಕುಡಿದು ಚೊಂಬು ಕೆಳಗಿಟ್ಟೆ.

"ನಾಳೆ ತೊಳೆಯೋವಾಗ ಬಿಸಿನೀರು ಹಾಕಬ್ಯಾಡ" ಎಂದೆ.